ಜೈಂಟ್ ವೀಲಿನ ಪಾಸ್

ಪಕ್ಕದ ಮನೆಯ ಕುರಿ ಕಾಯುವವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಎಂಬತ್ತರ ದಶಕದಲ್ಲಿ ಪ್ರತಿ ದೀಪಾವಳಿಗೆ ಶಿರಾದ ಕೆರೆ ಪಕ್ಕದ ಬಯಲಿಗೆ ಜೈಂಟ್ ವೀಲ್ ಬರುತ್ತಿತ್ತು. ಸೀಸನ್ ಪಾಸ್ ಮಾಡಿಸಿದರೆ ಅದು ಇರುವಷ್ಟು ದಿನವೂ ಹತ್ತಬಹುದು. ಅಕ್ಕ ಒಂದು ವರ್ಷ ಪಾಸ್ ಮಾಡಿಸಿ, ದಿನಾ ಸಂಜೆ ಹೋಗಿ, ಸೆರಗಿನ ತುದಿ ಕಚ್ಚಿಕೊಂಡು ಮೇಲೆ ನೋಡಿ, "ನಾಳೆ ಹತ್ತಾಣ ಕಣಪ್ಪ" ಎಂದು ವಾಪಸಾಗುತ್ತಿದ್ದರು. ಒಮ್ಮೆಯೂ ಹತ್ತಲಿಲ್ಲ.

ಮರುವರ್ಷ, ಪಾಸ್ ಮತ್ತೆ ಮಾಡಿಸಬೇಕೇ ಎಂಬ ಪ್ರಶ್ನೆ ಎದ್ದಿತು.

"ಬ್ಯಾಡ ಅಕ್ಕಾ, ಬೋಲ್ಟು ಸಡಿಲ ಇದ್ರೆ?" ಎಂದೆ. ಅಟ್ಟದ ಏಣಿ ಹತ್ತಲೂ ಯೋಚಿಸುವ ನನ್ನನ್ನು ಕೇಳಿದ್ದೇ ಅವರ ತಪ್ಪು.

"ನೆಲದ ಮ್ಯಾಲೆ ನಿಂತ್ಕಳಕ್ಕೆ ಪಾಸ್ ಯಾಕೆ ಲೇ?" ಎಂದು ಗಂಡ ನಕ್ಕರು.

ಅಕ್ಕ ನೆಟ್ಟಗೆ ಹೋಗಿ ಪಾಸ್ ಮಾಡಿಸಿಕೊಂಡು ಬಂದರು.

ಅಂದು ಸಂಜೆ ಹೆಂಡತಿ ಹೆದರುವುದನ್ನು ನೋಡಲೆಂದೇ ಗಂಡ ಕುರಿಗಳನ್ನು ಕೆರೆ ಏರಿಯ ಮೇಲೆ ಬಿಟ್ಟು ಬಂದಿದ್ದರು. ಅಕ್ಕ ಚಪ್ಪಲಿಯನ್ನು ನನ್ನ ಕೈಗಿಟ್ಟು ಹತ್ತಿಯೇಬಿಟ್ಟರು. ಚಕ್ರ ಏರಿತು; ಕಣ್ಣು ಮುಚ್ಚಿಕೊಂಡವನು ನಾನು. ತುದಿಯಲ್ಲಿ ಅದು ನಿಂತಾಗ ಮೇಲಿಂದ ದನಿ ಬಂತು: "ಏ ಪುಣ್ಯಾತ್ಮ, ಕುರಿ ರಾಗಿ ಹೊಲಕ್ಕೆ ಬಿದ್ದವೆ!"

ಗಂಡ ಓಡುವ ಮೊದಲೇ ಆಕಾಶದಿಂದ ಕುರಿ ಕರೆಯುವ ಕೂಗು ಹೊರಟಿತು: "ಹುರ್ರ್ರ್... ಬಾ ಬಾ ಬಾ!" ಇಡೀ ಹಿಂಡು ಹೊಲ ಬಿಟ್ಟು ಜೈಂಟ್ ವೀಲಿನ ಕಡೆಗೇ ನುಗ್ಗಿ ಬಂತು. ಜನ ಶಿಳ್ಳೆ ಹೊಡೆದರು.

ಚಕ್ರ ಕೆಳಗೆ ಬಂದರೂ ಅಕ್ಕ ಇಳಿಯಲಿಲ್ಲ. ಕುರಿಗಳ ನಡುವೆ ಸಿಕ್ಕಿಕೊಂಡಿದ್ದ ಗಂಡನತ್ತ ಕೈ ಬೀಸಿದರು.

"ಅವುನ್ನ ಮನೆಗೆ ಹೊಡ್ಕಂಡೋಗು. ನಾನು ಇನ್ನೊಂದು ಸುತ್ತು ಹೊಡ್ದು ಬತ್ತೀನಿ."