ಯೋಕುಮ್ ನಗದೆ ಕೇಳಿದ ಮಾತು

ಕೋಪನ್‌ಹೇಗನ್ನಿನ ಪಿಂಗಾಣಿ ಕಾರ್ಖಾನೆಯಲ್ಲಿ ಯೋಕುಮ್ ನನ್ನ ಪಕ್ಕದ ಮೇಜಿನಲ್ಲಿ ಕೂತು ತಟ್ಟೆಗಳ ಮೇಲೆ ಗುಲಾಬಿ ಬರೆಯುತ್ತಿದ್ದ. ಅವನು ಯಾವ ಮಾತನ್ನೂ ನೇರವಾಗಿ ಆಡಿದವನಲ್ಲ. ತಾಯಿ ತೀರಿಕೊಂಡಾಗಲೂ, "ಇನ್ಮೇಲೆ ನನ್ನ ಹರಕು ಕಾಲುಚೀಲಕ್ಕೆ ಗತಿಯಿಲ್ಲ" ಎಂದು ಸಂತಾಪಕ್ಕೆ ಬಂದವರನ್ನು ನಗಿಸಿದ್ದ. ಇವನೊಳಗೆ ಏನಿದೆಯಪ್ಪಾ ಎಂಬ ಕುತೂಹಲ ನನಗೆ ಆವತ್ತೇ ಹುಟ್ಟಿದ್ದು.

ಅದೇ ಕೋಣೆಯಲ್ಲಿ ದೊರ್ತೆಯಾ ತಟ್ಟೆಗಳ ಚಿನ್ನದ ಅಂಚಿಗೆ ಹೊಳಪು ಕೊಡುತ್ತಿದ್ದಳು. ಮುಖದ ತುಂಬ ಸಿಡುಬಿನ ಕಲೆ. ಯೋಕುಮ್‌ನ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ.

ಒಂದು ಮಧ್ಯಾಹ್ನ ಎಲ್ಲರೂ ಬ್ರೆಡ್ಡು ಮೀನು ತಿನ್ನುತ್ತಿದ್ದಾಗ ಅವನು ಕೇಳಿಬಿಟ್ಟ.

"ದೊರ್ತೆಯಾ, ನನ್ನ ಮದ್ವೆ ಆಗ್ತೀಯಾ?"

"ಆಗ್ತೀನಪ್ಪಾ, ಆ ನಿನ್ನ ಮೂಗು ಸ್ವಲ್ಪ ಸಣ್ಣ ಆಗ್ಲಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಆದರೆ ಕೈಯಲ್ಲಿದ್ದ ಬ್ರೆಡ್ಡು ಬಾಯಿಗೆ ಹೋಗಲೇ ಇಲ್ಲ.

ಸಂಜೆ ಸೇತುವೆಯ ಮೇಲೆ ಅವನನ್ನು ಹಿಡಿದೆ. "ಏ, ನಿಜವಾಗ್ಲೂ ಕೇಳಿದ್ಯೇನೋ?"

"ಅದೇ ಗೊತ್ತಾಗ್ತಿಲ್ಲ ಎಲ್ಸೆಬೆತ್ ಅಕ್ಕಾ. ಬಾಯಿಂದ ಬರುವಾಗ ನಿಜಾನೇ ಇತ್ತು. ಅವಳು ನಕ್ಳು, ನಾನೂ ಆ ಕಡೆ ಸೇರ್ಕೊಂಡ್ಬಿಟ್ಟೆ."

"ಯಾವ ಕಡೆ?"

"ನನ್ನ ನೋಡಿ ನಗೋರ ಕಡೆ."

ಭಾನುವಾರ ಚರ್ಚಿನಿಂದ ನಾನು ದೊರ್ತೆಯಾಳ ಮನೆಗೆ ಹೋಗಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಟೋಪಿ ಕೈಯಲ್ಲಿ ಹಿಡಿದು ಯೋಕುಮ್ ನಿಂತಿದ್ದ.

"ಮೊನ್ನೆ ಕೇಳಿದ್ದನ್ನೇ ಕೇಳೋಕೆ ಬಂದೆ."

ದೊರ್ತೆಯಾ ಮುಂದಿನ ತಮಾಷೆಗಾಗಿ ಕಾದಳು. ಅದು ಬರಲಿಲ್ಲ. ಅವಳ ಮುಖ ಬಿಗಿಯಿತು.

"ನಾನು ಚಂದ ಅಂತ ಮಾತ್ರ ಹೇಳ್ಬೇಡ. ನಮ್ಮನೇಲೂ ಕನ್ನಡಿ ಇದೆ."

"ಚಂದ ಅಂದ್ರೇನು ಅಂತ ನಂಗೆ ಗೊತ್ತು ಅಂದ್ಕೊಂಡಿದ್ದೆ. ಗುಲಾಬಿ ಕಣ್ಮುಚ್ಕೊಂಡೇ ಬರೀತೀನಿ. ನಿನ್ನ ಮುಖ ಹಂಗಲ್ಲ, ಮತ್ತೆ ಮತ್ತೆ ನೋಡ್ಬೇಕು."

"ಹಂಗಾದ್ರೆ ನಾನೇ ಯಾಕೆ?"

"ಕಾರಣ ಹುಡುಕ್ದೆ, ಸಿಗ್ಲಿಲ್ಲ. ಸಿಗ್ಲಿ ಅಂತ ಕಾದ್ರೆ ಮುದುಕ ಆಗ್ಹೋಗ್ತೀನಿ. ಅದಕ್ಕೇ ಬಂದೆ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಂಗೆ ಇಷ್ಟ ಆಗಿದ್ದು ಆ ತಮಾಷೆ ಯೋಕುಮ್. ಇವನ್ಯಾರೋ ನಂಗೆ ಪರಿಚಯ ಇಲ್ಲ."

ಅವನು ತಲೆತಗ್ಗಿಸಿ ತಿರುಗಿದ.

"ಹೋಗು ಅಂದೆನಾ? ಮುಂದಿನ ಭಾನುವಾರ ಬಾ. ಪರಿಚಯ ಆಗ್ಲಿ."

ಆ ಚಳಿಗಾಲವಿಡೀ ಇಬ್ಬರೂ ಊರ ಸುತ್ತಲಿನ ಕೋಟೆಗೋಡೆಯ ಮೇಲೆ ಅಡ್ಡಾಡಿದರು. "ಅಕ್ಕಾ, ಎಂಥಾ ಸಪ್ಪೆ ಮನುಷ್ಯ ಅಂತೀರಾ! ಗಾಳಿ, ಹಿಮ ಬಿಟ್ರೆ ಬೇರೆ ಮಾತೇ ಇಲ್ಲ" ಎಂದು ದೊರ್ತೆಯಾ ಗೊಣಗುತ್ತಿದ್ದಳು. ಆದರೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ವಸಂತದಲ್ಲಿ ಮದುವೆಯಾಯಿತು.

ಚಳಿಗಾಲವಿಡೀ ನಿಂತುಹೋಗಿದ್ದ ಅವನ ತಮಾಷೆಗಳು ಕಾರ್ಖಾನೆಯಲ್ಲಿ ಮತ್ತೆ ಶುರುವಾದವು. ನನಗೆ ತಡೆಯಲಾಗದೆ ಅವಳನ್ನೇ ಕೇಳಿದೆ, "ಮನೇಲೂ ಹಿಂಗೇನಾ?"

"ಹಿಂಗೇ ಅಕ್ಕಾ. ಆದ್ರೆ ಮೊದ್ಲು ನಗಿಸಿ ಎದ್ದು ಹೋಗ್ತಿದ್ದ. ಈಗ ನಗಿಸಿ ಅಲ್ಲೇ ಕೂತಿರ್ತಾನೆ."