ಕಂಬಳಿ ಮನೆಗೆ ಪಟಾಕಿ ಕೋಡ್

“ಮೊದಲ ಒಲಿ ಆರಸ್ರಿ ಅವ್ವಾರ. ಪಟಾಕಿ ಮಾಲು ಎಲ್ಲಿ ಇಟ್ಟೀರಿ?”

ಔರಾದಿನ ನಮ್ಮ ಮನೆ ಬಾಗಿಲಿಗೆ ಬಂದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬರು ಹೀಗೆ ಕೇಳಿದಾಗ, ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತುಬಿಟ್ಟಿತು. ನಮ್ಮದು ಕುರಿ ಉಣ್ಣೆಯ ಕಂಬಳಿ ನೇಯುವ ಮನೆ. ಅವ್ವ ಉರಿಯುವ ಒಲೆಗೆ ತಂಬಿಗೆ ನೀರು ಸುರಿದಳು. ಅವರು ಮೂಲೆಯಲ್ಲಿದ್ದ ಚೀಲಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

“ಉಣ್ಣಿ ಅದರಿ ಸಾಹೇಬ್ರ, ಬರೇ ಉಣ್ಣಿ,” ಎಂದು ಅವ್ವ ಹೇಳುತ್ತಲೇ ಇದ್ದಳು.

ಅವರ ಕೈಯಲ್ಲಿದ್ದ ಹಾಳೆಯಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ಪಟಾಕಿ ತಯಾರಿಕೆ ಎಂದಿದ್ದುದನ್ನು ನೋಡಿದಾಗ ತಿಳಿಯಿತು, ತಪ್ಪು ನನ್ನದೇ. ನಮ್ಮ ಕಂಬಳಿ ಕೆಲಸದ ಉದ್ಯಮ ನೋಂದಣಿಯಲ್ಲಿ ಐದಂಕಿಯ ಕೋಡ್ ಕೇಳಿದ್ದರು. ಗಾಡಿ ನಂಬರಿನಲ್ಲಿ ಆಯಾ ಕಡೆಗೊಂದು ಅಂಕಿ ಇರುವಂತೆ ಇದೂ ಬೀದರ್ ಜಿಲ್ಲೆಗೆಲ್ಲ ಒಂದೇ ಅಂದುಕೊಂಡು, ಭಾಲ್ಕಿಯ ಮಾವನ ಪ್ರಮಾಣಪತ್ರ ನೋಡಿ ಬರೆದಿದ್ದೆ. ಮಾವನದು ಪಟಾಕಿ ತಯಾರಿಸುವ ಕೆಲಸ. ಇದನ್ನೇ ಅವರಿಗೆ ಹೇಳಿದೆ.

“ಇದು ಜಿಲ್ಲಾದ ನಂಬರ ಅಲ್ಲ ತಂಗಿ, ಮಾಡೋ ಕೆಲಸದ್ದು,” ಎಂದು ಹೇಳಿ ಅವರು ಹೊರಟರು.

ಮರುದಿನವೇ ಬೀದರಿಗೆ ಹೋಗಿ ಕೋಡ್ ತಿದ್ದಿಸಿಕೊಂಡು ಬಂದೆ. ಆದರೆ ಬಾಗಿಲ ಮುಂದೆ ಗಾಡಿ ನಿಂತ ಸದ್ದಾದರೆ ಅವ್ವ ಈಗಲೂ ಯಾರು ಎಂದು ಕೇಳುವುದಿಲ್ಲ. ಮೊದಲು ಒಲೆಗೆ ನೀರು ಸುರಿಯುತ್ತಾಳೆ.