ಕಿಲಾರಿ ಲೋಹಿತನ ಎರಡು ಆಟಗಳು

ಲೋಹಿತನ ಬಲಗಾಲು ಮುರಿದದ್ದು ಯುಗಾದಿ ಕಳೆದ ಹನ್ನೊಂದನೆಯ ದಿನ. ಸಿದ್ದಾಪುರದ ಬಂಡೆಗುಡ್ಡದ ಇಳಿಜಾರಿನಲ್ಲಿ ಎರಡು ಹೋರಿಗಳು ಕಾದಾಡುತ್ತ ಬಂದು ಅವನನ್ನು ಕೆಡವಿದವು. ಚಳ್ಳಕೆರೆಯ ವೈದ್ಯರು ಸರಳು ಕೂಡಿಸಿ, ಮನೆಯೊಳಗೆ ಓಡಾಡಿಕೊಂಡಿರಬಹುದು ಎಂದರು. ಗುಡ್ಡ ಹತ್ತುವ ಮಾತು ಅವರು ಎತ್ತಲಿಲ್ಲ, ಇವನೂ ಕೇಳಲಿಲ್ಲ.

ಅವನು ಹಟ್ಟಿಯ ಕಿಲಾರಿ, ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ದನಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಹಾಲೆಲ್ಲ ಕರುಗಳಿಗೇ. ಹದಿನೇಳನೆಯ ವಯಸ್ಸಿನಿಂದ ಹತ್ತೊಂಬತ್ತು ವರ್ಷ ಬರಿಗಾಲಿನಲ್ಲಿ ಅವುಗಳ ಹಿಂದೆ ನಡೆದಿದ್ದ. ಬೇರೆ ಕೆಲಸ ಅವನಿಗೆ ತಿಳಿಯದು. ಶ್ರಾವಣದ ಮೊದಲ ಸೋಮವಾರದೊಳಗೆ ಮಂದೆಯ ಹಿಂದೆ ನಡೆಯಲಾಗದಿದ್ದರೆ ಕಿಲಾರಿಯ ಕೋಲು ಈಗ ಬದಲಿಗೆ ಮಂದೆ ಕಾಯುತ್ತಿರುವ ಯತ್ತಪ್ಪನ ಕೈಸೇರುತ್ತದೆ ಎಂದು ಹಟ್ಟಿಯ ಹಿರಿಯ ಚಿಕ್ಕೀರಪ್ಪ ತಿಳಿಸಿದ್ದ.

ಹೊತ್ತು ಹೋಗಲೆಂದು ಹೆಂಡತಿ ರೂಪ ತನ್ನ ಟಚ್ ಫೋನಿನಲ್ಲಿ ದನ ಸಾಕುವ ಆಟವೊಂದನ್ನು ಹಾಕಿಕೊಟ್ಟಳು. ಅಂಥ ಆಟವನ್ನು ಅವನು ಕಂಡಿರಲಿಲ್ಲ. ಎರಡು ಹಸು, ಒಂದು ಹಸಿರು ಬಯಲು, ಸುತ್ತ ಬೇಲಿ. ಹಸುಗಳು ಕರು ಹಾಕಿ ನಾಲ್ಕು ದಿನಗಳಲ್ಲಿ ಮಂದೆ ಇಪ್ಪತ್ತಮೂರಾಯಿತು, ಬಯಲಿನ ಹುಲ್ಲು ಕಂದಿತು. ಮೂಲೆಯಲ್ಲಿ ‘ಮಾರಿ’ ಎಂಬ ಕೆಂಪು ಗುಂಡಿ ಮಿನುಗತೊಡಗಿತು. ಲೋಹಿತ ಅದನ್ನು ಮುಟ್ಟದೆ ಬೇಲಿಯ ಉದ್ದಕ್ಕೂ ಬೆರಳೊತ್ತಿ ನೋಡಿದ.

“ಇವನ್ನ ಆಚೆ ಹೊಡ್ಕಂಡು ಹೋಗೋಕೆ ಎಲ್ಲಿ ಒತ್ತಬೇಕೇ?”

“ಆಚೆ ಅಂಬೋದೇ ಇಲ್ಲ ಇದ್ರಾಗೆ,” ರೂಪ ನಕ್ಕಳು. “ಒಂದೆರಡು ಮಾರ್ರಿ, ಮುಂದಿನ ಹಂತ ಬರ್ತೈತೆ.”

“ಮಾರಾದಾ? ಬಾಯಿ ತೊಳ್ಕ ಹೋಗು.”

“ಬಣ್ಣದ ಗೊಂಬೆ ಕಣ್ರಿ ಅವು!”

“ಗೊಂಬೆ ಕರ ಹಾಕ್ತಾವೇನೇ?”

ಮರುದಿನ ಮೇವಿಲ್ಲದೆ ಹಸುಗಳು ಒಂದೊಂದಾಗಿ ಮಂಡಿಯೂರಿ ಮಾಯವಾದವು. ಅವನು ಮೂರು ಸಲ ಮೊದಲಿನಿಂದ ಆಡಿದ, ಮೂರು ಸಲವೂ ಗುಂಡಿ ಒತ್ತಲಿಲ್ಲ.

ಶ್ರಾವಣದ ಆ ಸೋಮವಾರಕ್ಕೆ ಎರಡು ದಿನವಿರುವಾಗ ಚಿಕ್ಕೀರಪ್ಪ ಬಂದ.

“ಏನ್ಲೇ, ಮಂದೇನ ಫೋನ್ನಾಗೆ ಕೂಡಿದೀಯಂತೆ?”

“ಅಲ್ಲೂ ಉಳೀಲಿಲ್ಲ ಬಿಡು ಮಾವ.”

“ಏಳು, ನಡಿ ನೋಡಾನ.”

ಲೋಹಿತ ಗೋಡೆ ಹಿಡಿದು ಎದ್ದ. ಐದು ಹೆಜ್ಜೆ ಸರಿಯಾಗಿ ಇಟ್ಟ. ಹೊಸ್ತಿಲು ದಾಟುವಾಗ ಕಾಲು ಮಡಚಿಕೊಂಡಿತು; ಬೀಳುವ ಮುನ್ನ ಮುದುಕನೇ ಹಿಡಿದುಕೊಂಡ. ಲೋಹಿತ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಮಂದೇಲಿ ಆ ಬೂದಿಹೋರಿ ಐತಲ್ಲ, ಅದು ಯತ್ತಪ್ಪನ ದನಿಗೆ ತಿರುಗಾಕಿಲ್ಲ ಮಾವ. ನಾನು ಕೂಗಿದ್ರೇ ನಿಲ್ಲಾದು ಅದು.”

“ಕಲೀತೈತೆ ಬಿಡಪ್ಪ,” ಎಂದು ಚಿಕ್ಕೀರಪ್ಪ ಮೂಲೆಯಲ್ಲಿದ್ದ ಕೋಲನ್ನು ಎತ್ತಿಕೊಂಡ. ಸೋಮವಾರದವರೆಗೆ ಕಾಯಲಿಲ್ಲ.

ಸೋಮವಾರ ಬೆಳಗ್ಗೆ ಲೋಹಿತ ಗೂಡಿನಿಂದ ತನ್ನ ಹಳೆಯ ಗುಂಡಿ ಫೋನನ್ನು ತೆಗೆಸಿದ. ಅದರೊಳಗಿನ ಹಾವಿನ ಆಟವನ್ನು ಬಂಡೆಗಳ ಮೇಲೆ ಕುಳಿತು ಅವನು ಸಾವಿರಾರು ಸಲ ಆಡಿದ್ದ. ಹಟ್ಟಿಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಹಾವನ್ನು ಒಂದು ಉದ್ದನೆಯ ಸಾಲಿಗೆ ಬಿಡಬೇಕು, ಅದು ಆ ಕೊನೆ ಮುಟ್ಟುವಷ್ಟರಲ್ಲಿ ತಲೆಯೆತ್ತಿ ದನಗಳ ಮೇಲೊಂದು ಕಣ್ಣು ಹಾಯಿಸಿ ತಿರುಗಿಸಿಬಿಡಬೇಕು. ಅವನ ಆಟದ ಲಯವೇ ಅದಾಗಿತ್ತು.

ಈಗಲೂ ಹಾವನ್ನು ಸಾಲಿಗೆ ಬಿಟ್ಟು ತಲೆಯೆತ್ತಿದ. ಎದುರಿಗೆ ಮಣ್ಣಿನ ಗೋಡೆಯಿತ್ತು. ಎಣಿಸಲು ದನಗಳಿರಲಿಲ್ಲವಾಗಿ ಕಣ್ಣು ಹಿಂದಿರುಗುವುದನ್ನು ಮರೆಯಿತು. ಹಾವು ಅಂಚಿಗೆ ಬಡಿಯಿತು. ಮತ್ತೆ ಆಡಿದ. ತಲೆಯೆತ್ತಬಾರದೆಂದುಕೊಂಡೇ ಎತ್ತಿದ.

ಮೂರನೆಯ ಆಟದಲ್ಲಿರುವಾಗ ಗೋಡೆಯ ಹಿಂದೆ ಗಂಟೆಗಳ ಸದ್ದು ಕೇಳಿಸಿತು. ಮಂದೆ ಹೊರಟಿತ್ತು. ಬೂದಿಹೋರಿಯ ಒಡಕು ಗಂಟೆ ಎಲ್ಲಕ್ಕಿಂತ ಹಿಂದಿತ್ತು. ಮನೆಯ ಮಗ್ಗುಲಿಗೆ ಬಂದು ನಿಂತಿತು. ಲೋಹಿತ ಕೂಗಲಿಲ್ಲ. ಯತ್ತಪ್ಪ ದೂರದಿಂದ ಒಮ್ಮೆ ಕೂಗಿದ, ಇನ್ನೊಮ್ಮೆ ಕೂಗಿದ.

ಎರಡನೆಯ ಕೂಗಿಗೆ ಗಂಟೆ ಮುಂದೆ ಸಾಗಿತು.